ಖಡಕ್ ಪುಟ

ಸುಗಲಾಬಾಯಿ ಬಿರಾಜದಾರರಿಗೆ ವೆಬ್‌ಸೈಟು ಬೇಕಾಗಿತ್ತು.
ದುಧನಿ ಸ್ಟೇಷನ್ನಿನ ಹಿಂದೆ, ತೊಗರಿ ಅಡತಿಗಳ ಸಾಲು ಮುಗಿದಲ್ಲಿ
ಹನ್ನೊಂದು ಹೆಂಗಸರು, ಆರು ಒಲೆ.
ಹೊರಗೋಡೆಯ ಮೇಲೆ ಮರಾಠಿಯಲ್ಲಿ ಭಾಕರಿ,
ಒಳಗಿನ ಬಾಯಲ್ಲೆಲ್ಲ ರೊಟ್ಟಿ.

ಲ್ಯಾಪ್‌ಟಾಪನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು
ಮೂರು ಥರ ಕಟ್ಟಬಹುದು, ಅಂದೆ.
ಒಂದು: ನಾವು ಬರೀ ಎಲುಬು ಕಳಿಸುತ್ತೇವೆ,
ಪುಟವನ್ನು ನೋಡುವವರ ಫೋನೇ ಕಟ್ಟಿಕೊಳ್ಳುತ್ತದೆ.

ಎರಡನೆಯದಕ್ಕೆ ಬರುವ ಮೊದಲೇ ಅವರು ಕೈ ಎತ್ತಿದರು.
"ಅಂದ್ರ ಗಿರಾಕಿ ಮನೀಗೆ ಹಿಟ್ಟು ಕಳಿಸೂದು.
ನೀನs ನಾದಕೋ, ನೀನs ಬಡಕೋ ಅನ್ನೂದು."
ಹೌದೆಂದೆ. ಸ್ವಲ್ಪ ನಾಚಿಕೆಯಾಯಿತು;
ಆರು ವರ್ಷದಿಂದ ನಾನು ಮಾರುತ್ತಿದ್ದದ್ದು ಅದನ್ನೇ.
"ಒಲಿ ಇಲ್ಲದವರು ಏನ್ ಮಾಡ್ಬೇಕು, ತಂಗಿ?"

ತಮ್ಮ ಫೋನು ಕೊಟ್ಟರು. ಗಾಜು ಸೀಳಿತ್ತು,
ಸೀಳಿನೊಳಗೆ ಜೋಳದ ಹಿಟ್ಟು.
ನನ್ನ ಮಾದರಿ ಪುಟ ತೆರೆದೆ.

ಬಿಳಿ.

ಇಲ್ಲಿ ಸಿಗ್ನಲ್ಲು ಯಾವ ರಾಜ್ಯದ್ದೆಂದು ಇನ್ನೂ ತೀರ್ಮಾನವಾಗಿಲ್ಲ,
ಅಫಜಲಪುರದ ಕಡೆ ಒಂದು ಟವರು, ಅಕ್ಕಲಕೋಟೆಯ ಕಡೆ ಒಂದು.
ಗೋಲ ತಿರುಗಿತು. ತಿರುಗಿತು.
ಅಷ್ಟರಲ್ಲಿ ಮಹಬೂಬಿ ನಾಲ್ಕು ರೊಟ್ಟಿ ಬಡಿದಳು, ಎಣಿಸಿದ್ದು ನಾನೇ.
ಕೊನೆಗೆ ಅಕ್ಷರ ಬಂದವು, ಫಾಂಟು ಬರಲಿಲ್ಲ,
ಒತ್ತು ಕಳಚಿ ನಿಂತಿತ್ತು: ರೊಟ್‌ಟಿ.
"ಒಡದದ್ದs ಕಳಿಸೀಯಲ್ಲ," ಎಂದು ಒಲೆಗಳೆಲ್ಲ ನಕ್ಕವು.

ಎರಡನೆಯದು: ಯಾರು ಕೇಳಿದರೂ, ಕೇಳಿದಾಗಲೇ
ಸರ್ವರು ಹೊಸದಾಗಿ ಕಟ್ಟಿ ಪೂರ್ತಿ ಪುಟ ಕಳಿಸುತ್ತದೆ.
"ಬಿಸಿರೊಟ್ಟಿ," ಅಂದಳು ಮಹಬೂಬಿ, ತಲೆ ಎತ್ತದೆ.
ಚೊಲೋದು, ಅಂದರು ಸುಗಲಾಬಾಯಿ. ಆಮೇಲೆ ಸುಮ್ಮನಾದರು.
ಗಾಣಗಾಪುರದ ಹುಣ್ಣಿವೆಯ ದಿನ
ಮೂರು ರೈಲಿನ ಮಂದಿ ಒಟ್ಟಿಗೆ ಇಳಿದು ಬಾಗಿಲಿಗೆ ಬಂದರೆ
ಒಲೆ ಆರೇ.

ಮೂರನೆಯದನ್ನು ನಾನು ವಿವರಿಸಬೇಕಾಗಲಿಲ್ಲ.
ಮೂಲೆಯಲ್ಲಿ ಧಡಿ ಬಟ್ಟೆ ಸರಿಸಿ ತೋರಿಸಿದರು:
ಎದೆಮಟ್ಟ ಪೇರಿಸಿದ ಖಡಕ್ ರೊಟ್ಟಿ,
ಪುಣೆಯ ಹಾಸ್ಟೆಲ್ಲಿಗೆ, ಲಾರಿ ಡ್ರೈವರನ ಸೀಟಿನ ಕೆಳಗೆ,
ಒಂದು ತಿಂಗಳು ಕೆಡದ್ದು.
ಕೇಳಿದವರಿಗೆ ಕೈ ಚಾಚಿ ಕೊಟ್ಟರಾಯಿತು.
ಹಾಗಾದರೆ ಇದೇ, ಅಂದೆ. ಲ್ಯಾಪ್‌ಟಾಪು ಮುಚ್ಚಲು ಹೊರಟೆ.
ಸೊಲ್ಲಾಪುರದ ಪ್ಯಾಸೆಂಜರಿಗೆ ಇನ್ನು ಮುಕ್ಕಾಲು ತಾಸು.

"ತಡಿ," ಅಂದರು.
ಹೋದ ಸಲ ಚೀಟಿ ಅಚ್ಚು ಹಾಕಿಸಿದ್ದರಂತೆ, ದರದ ಸಮೇತ.
ಹಂಚಿದ ವಾರಕ್ಕೇ ಜೋಳದ ಭಾವ ಏರಿತು.
ಚೀಟಿ ಹಿಡಿದು ಬಂದವರಿಗೆಲ್ಲ ಹಳೇ ದರಕ್ಕೇ ಕೊಟ್ಟರು,
ಹನ್ನೊಂದು ದಿನ, ಕೈಯಿಂದ ಹಾಕಿ.
"ಮೊದಲs ಕಟ್ಟಿಟ್ಟಿದ್ದು ಹಳೇ ಮಾತನ್ನ
ಹೊಸಾ ದನಿಯಾಗ ಹೇಳತದ, ತಂಗಿ."

ಇದನ್ನು ನನಗೆ ಯಾವ ಪಾಠದಲ್ಲೂ
ಇಷ್ಟು ನಷ್ಟದ ಲೆಕ್ಕದಲ್ಲಿ ಹೇಳಿರಲಿಲ್ಲ.

ಹಿಟ್ಟಿನ ಮೇಲೆ ಬೆರಳಿನಿಂದ ಅವರೇ ಗೆರೆ ಎಳೆದರು.
ಈಚೆ: ಹನ್ನೊಂದು ಹೆಸರು, ಫೋನ್ ನಂಬರು,
ಸ್ಟೇಷನ್ನಿನಿಂದ ಎಡಕ್ಕೆ ತಿರುಗುವ ದಾರಿ,
ರೊಟ್ಟಿಗೆ ತೇವ ತಾಗದಂತೆ ಇಡುವುದು ಹೇಗೆ.
ಇವು ಖಡಕ್.
ಆಚೆ: ಇವತ್ತಿನ ದರ, ಇವತ್ತು ಉಳಿದದ್ದೆಷ್ಟು.
ಅಷ್ಟೇ ಬಿಸಿ, ಅಂಗೈಯಗಲ.
ಬಿಸಿಯದ್ದು ಬಂದು ಮುಟ್ಟದಿದ್ದರೆ?
"ಆ ಜಾಗಾದಾಗ ಖಾಲಿ ಬಿಡಬ್ಯಾಡ. ಫೋನ್ ಮಾಡ್ರಿ ಅಂತ ಬರಿ.
ಗೋಲ ತಿರುಗಸಬ್ಯಾಡ."

ಎದ್ದಾಗ ಮಹಬೂಬಿ ಕೇಳಿದಳು,
"ನನ್ನ ಹೆಸರು ಯಾವುದರಾಗ ಬರ್ತದ?"
ಖಡಕ್‌ನಲ್ಲಿ, ಅಂದೆ.
"ನೆಟ್ ತಡಾ ಮಾಡಿದ್ರೂ?"
ಎಲ್ಲಕ್ಕಿಂತ ಮೊದಲು.

ಅವಳು ಒದ್ದೆ ಬಟ್ಟೆಯಿಂದ ರೊಟ್ಟಿಯ ಮೈ ಒರೆಸಿ
ಮಗುಚಿ ಹಾಕಿದಳು.